ಕಪ್ಪೆ ಚರ್ಮದಲ್ಲೊಂದು ಉಪ್ಪಿನ ಲೆಕ್ಕ

ಕೆರೆಯ ನೀರಿನಲ್ಲೇ ಬದುಕು ಕಳೆಯುವ ಕಪ್ಪೆ ತನ್ನ ಮೈಯೊಳಗಿನ ಉಪ್ಪನ್ನು ಹೇಗೆ ಉಳಿಸಿಕೊಳ್ಳುತ್ತದೆ? ಕೇಳುವುದಕ್ಕೆ ಇದು ಮಕ್ಕಳ ಪ್ರಶ್ನೆಯ ಹಾಗಿದೆ. ಲೆಕ್ಕ ಹಾಕಹೊರಟರೆ ಮಾತ್ರ ಕಗ್ಗಂಟು. ಕಪ್ಪೆಯ ರಕ್ತದಲ್ಲಿರುವ ಉಪ್ಪು ಸುತ್ತಲಿನ ಸಿಹಿನೀರಿನಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಅದರ ಚರ್ಮವಾದರೂ ನಮ್ಮ ಚರ್ಮದ ಹಾಗೆ ನೀರಿಗೆ ಬಾಗಿಲು ಹಾಕಿಕೊಂಡದ್ದಲ್ಲ. ತೆಳ್ಳಗೆ, ಸದಾ ಒದ್ದೆ, ಉಸಿರಾಟದ ಒಂದು ಪಾಲೂ ಅದರ ಮೂಲಕವೇ. ಹಾಗಾಗಿ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಕಪ್ಪೆ ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರುತ್ತದೆ. ಪ್ರತಿ ಸಲವೂ ಜೊತೆಗೆ ಒಂದಿಷ್ಟು ಉಪ್ಪು ಹೋಗುತ್ತದೆ. ಹೋದದ್ದನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು.

ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1930ರ ದಶಕದಲ್ಲಿ ಈ ಲೆಕ್ಕಕ್ಕೆ ಕೂತರು. ಸೂಕ್ಷ್ಮ ರಕ್ತನಾಳಗಳ ಮೇಲಿನ ಕೆಲಸಕ್ಕಾಗಿ 1920ರಲ್ಲೇ ನೊಬೆಲ್ ಪಡೆದಿದ್ದ ದೊಡ್ಡ ಹೆಸರು ಅವರದು. ಕಪ್ಪೆಗಳನ್ನು ಉಪ್ಪೇ ಇಲ್ಲದ ನೀರಿನಲ್ಲಿ ಬಹಳ ದಿನ ಇಟ್ಟು, ಮೈಯ ಉಪ್ಪು ಕರಗಿ ಅವು ಉಪ್ಪಿಗೆ ಹಸಿಯುವಂತೆ ಮಾಡಿದರು. ಆಮೇಲೆ ನಾಲಿಗೆಗೆ ಉಪ್ಪೆಂದು ಗೊತ್ತೂ ಆಗದಷ್ಟು ತೆಳುವಾದ ಉಪ್ಪುನೀರಿಗೆ ಬಿಟ್ಟರು. ಕಪ್ಪೆಗಳು ಬಾಯಿಂದಲ್ಲ, ಚರ್ಮದಿಂದಲೇ ಆ ನೀರಿನಲ್ಲಿದ್ದ ಕ್ಲೋರೈಡನ್ನು ಹೀರಿಕೊಂಡವು. 1937ರಲ್ಲಿ ಕ್ರೋಗ್ ಇದನ್ನು ಪ್ರಕಟಿಸಿದರು. ಕೆರೆಯ ನೀರು ತೂಬಿನಿಂದ ಗದ್ದೆಗೆ ತಾನೇ ಹರಿಯುತ್ತದೆ, ಗದ್ದೆಯಿಂದ ಮೇಲಿನ ಕೆರೆಗೆ ಬರಬೇಕಾದರೆ ಯಾರಾದರೂ ಏತ ಎತ್ತಬೇಕು. ಕಪ್ಪೆಯ ಚರ್ಮದಲ್ಲಿ ಉಪ್ಪು ತಗ್ಗಿನಿಂದ ಉಬ್ಬಿಗೆ ಏರುತ್ತಿತ್ತು. ಏತ ಎತ್ತುವವರು ಯಾರು ಎಂಬುದು ಕ್ರೋಗ್‌ಗೆ ಗೊತ್ತಾಗಲಿಲ್ಲ. ಅದನ್ನು ಹುಡುಕಿದ್ದು ಅವರ ಪ್ರಯೋಗಾಲಯದ ಹುಡುಗ ಹಾನ್ಸ್ ಉಸ್ಸಿಂಗ್.

ಉಸ್ಸಿಂಗ್ ಹುಟ್ಟಿದ್ದು 1911ರ ಡಿಸೆಂಬರ್ 30ರಂದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದಿದರು. ಶುರುವಿನಲ್ಲಿ ಅವರ ಒಲವು ಕಪ್ಪೆಯ ಕಡೆಗಲ್ಲ, ಸಮುದ್ರದ ಕಡೆಗೆ ಇತ್ತು. 1933ರಲ್ಲಿ ಲೌಗೆ ಕೋಚ್ ನೇತೃತ್ವದ ಪೂರ್ವ ಗ್ರೀನ್‌ಲ್ಯಾಂಡ್ ಯಾತ್ರೆಯಲ್ಲಿ ಅವರೂ ಇದ್ದರು. ಹಿಮಕೊಲ್ಲಿಗಳ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಅಧ್ಯಯನ ಮಾಡಿ, ಅದರ ಮೇಲೆಯೇ 1938ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಗೆ ಆ ದಾರಿ ಮುಗಿಯಿತು. ಕ್ರೋಗ್ ಅವರ ಪ್ರಾಣಿ ಶರೀರಕ್ರಿಯಾ ಪ್ರಯೋಗಾಲಯದಲ್ಲಿ ಆಗ ಹೊಸದೊಂದು ಆಟ ಶುರುವಾಗಿತ್ತು.

ಆ ಆಟದ ಕಾಯಿಗಳು ಐಸೋಟೋಪುಗಳು. ಹಂಗೆರಿಯಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಜಾರ್ಜ್ ಹೆವೆಸಿ ಆಗ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದರು. ಬೋರ್, ಹೆವೆಸಿ, ಕ್ರೋಗ್ ಮೂವರೂ ಸೇರಿ ಭೌತಶಾಸ್ತ್ರದ ಈ ಸಾಮಗ್ರಿಯನ್ನು ಜೀವಶಾಸ್ತ್ರಕ್ಕೆ ತಂದರು. ಗುರುತು ಹಾಕಿದ ನೋಟನ್ನು ಪೊಲೀಸರು ಬಲೆ ಬೀಸಲು ಬಳಸುವುದು ಎಲ್ಲರಿಗೂ ಗೊತ್ತು. ವಿಕಿರಣ ಸೂಸುವ ಪರಮಾಣು ಮಾಡುವ ಕೆಲಸವೂ ಅದೇ. ಸಾಮಾನ್ಯ ಸೋಡಿಯಂ ಯಾವುದು ಒಳಗಿತ್ತು, ಯಾವುದು ಹೊರಗಿನಿಂದ ಬಂತು ಎಂದು ಯಾರೂ ಹೇಳಲಾರರು. ವಿಕಿರಣಶೀಲ ಸೋಡಿಯಂ-24 ಆದರೆ ಎಲ್ಲಿ ಹೋದರೂ ಗೀಗರ್ ಕೌಂಟರಿನಲ್ಲಿ ಟಿಕ್ ಟಿಕ್ ಎನ್ನುತ್ತದೆ. ತೊಂದರೆಯೆಂದರೆ ಅದರ ಅರ್ಧಾಯುಷ್ಯ ಹದಿನೈದೇ ಗಂಟೆ. ಬೆಳಿಗ್ಗೆ ತಯಾರಾದದ್ದನ್ನು ಮರುದಿನದೊಳಗೆ ಬಳಸಿ ಮುಗಿಸಬೇಕು. ಬೋರ್ ಸಂಸ್ಥೆಯಲ್ಲಿ 1938ರ ಕೊನೆಯ ಹೊತ್ತಿಗೆ ಸೈಕ್ಲೋಟ್ರಾನ್ ಓಡತೊಡಗಿದ್ದರಿಂದ ಇಂಥ ಪದಾರ್ಥ ಊರಿನಲ್ಲೇ ಸಿಗುವ ಭಾಗ್ಯ ಕೋಪನ್‌ಹೇಗನ್ನಿಗೆ ಇತ್ತು.

ಅಷ್ಟರಲ್ಲಿ ಯುದ್ಧ ಬಂತು. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಡೆನ್ಮಾರ್ಕಿಗೆ ನುಗ್ಗಿದಾಗ ಹೆವೆಸಿ, ಬೋರ್ ಸಂಸ್ಥೆಯಲ್ಲಿ ಬಚ್ಚಿಡಲಾಗಿದ್ದ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳನ್ನು ಆಮ್ಲದಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟ ಕತೆ ಪ್ರಸಿದ್ಧ. 1943ರಲ್ಲಿ ಹೆವೆಸಿಯೇ ಸ್ವೀಡನ್ನಿಗೆ ಹೋಗಬೇಕಾಯಿತು, ಮರುವರ್ಷ ಕ್ರೋಗ್ ಕೂಡ. ಯುದ್ಧ ಮುಗಿದ ಮೇಲೆ ಕ್ರೋಗ್ ಹಿಂದಿರುಗಿದರೂ ವಯಸ್ಸಾಗಿತ್ತು, 1949ರಲ್ಲಿ ತೀರಿಕೊಂಡರು. ಕಪ್ಪೆ ಚರ್ಮದ ಪ್ರಶ್ನೆ ಉಸ್ಸಿಂಗ್ ಕೈಗೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಜೀವಕೋಶದೊಳಗೆ ‘ಸೋಡಿಯಂ ಪಂಪು’ ಎಂಬುದೊಂದು ಇದೆಯೆಂದು ಆಗಲೇ ಕೆಲವರು ಹೇಳುತ್ತಿದ್ದರು. ಉಸ್ಸಿಂಗ್ ಅದನ್ನು ಸುಲಭಕ್ಕೆ ಒಪ್ಪಿದವರಲ್ಲ. ಸ್ನಾಯುವಿನಿಂದ ವಿಕಿರಣಶೀಲ ಸೋಡಿಯಂ ಹೊರಬರುವ ವೇಗವನ್ನು ನೋಡಿ, ಅಷ್ಟನ್ನೂ ಪಂಪೇ ಎತ್ತಿ ಹಾಕುತ್ತಿದ್ದರೆ ಸ್ನಾಯುವಿಗೆ ಸಿಗುವ ಶಕ್ತಿ ಸಾಲುವುದಿಲ್ಲವೆಂದು ಅವರು 1947ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಒಳಗಿನ ಒಂದು ಅಯಾನು ಹೊರಗಿನ ಒಂದರ ಜೊತೆ ಜಾಗ ಬದಲಿಸಿಕೊಂಡರೂ ಕೌಂಟರ್ ಟಿಕ್ ಎನ್ನುತ್ತದೆ, ಆದರೆ ಅಲ್ಲಿ ನಿಜವಾದ ಸಾಗಾಣಿಕೆ ಏನೂ ಆಗಿರುವುದಿಲ್ಲ ಎಂಬುದು ಅವರ ವಾದ. ಮುಂದೆ ಪಂಪಿಗೆ ಅತ್ಯಂತ ಗಟ್ಟಿ ಪುರಾವೆ ಒದಗಿಸಿದವರು ಹೀಗೆ ಅನುಮಾನದಿಂದಲೇ ಹೊರಟವರು. ಬಹುಶಃ ಅದಕ್ಕೇ ಆ ಪುರಾವೆ ಅಷ್ಟು ಗಟ್ಟಿಯಾಯಿತು.

ಅನುಮಾನಕ್ಕೆ ಉತ್ತರ ಕೊಡಲು ಮೊದಲು ಒಂದು ಅಳತೆಗೋಲು ಬೇಕಿತ್ತು. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು. ಅದನ್ನು ಪೊರೆಯ ಆಚೆ ತಳ್ಳುವ ಬಲಗಳು ಎರಡು: ಎರಡೂ ಬದಿಯ ಸಾರತೆಯ ವ್ಯತ್ಯಾಸ, ಮತ್ತು ಎರಡೂ ಬದಿಯ ವಿದ್ಯುತ್ ಒತ್ತಡದ ವ್ಯತ್ಯಾಸ. ಈ ಎರಡಕ್ಕೆ ಮಾತ್ರ ಮಣಿದು ಹೋಗುವ ಅಯಾನಾದರೆ, ಒಳಕ್ಕೆ ಹೋಗುವ ಪ್ರಮಾಣಕ್ಕೂ ಹೊರಕ್ಕೆ ಬರುವ ಪ್ರಮಾಣಕ್ಕೂ ಇರಬೇಕಾದ ಅನುಪಾತ ಎಷ್ಟೆಂದು ಉಸ್ಸಿಂಗ್ 1949ರಲ್ಲಿ ಒಂದು ಸಮೀಕರಣದಲ್ಲಿ ಬರೆದರು. ಸ್ವೀಡನ್ನಿನ ಟಾರ್ಸ್ಟನ್ ಟಿಯೊರೆಲ್ ಅದೇ ವರ್ಷ ತಾವೂ ಅದನ್ನು ಕಂಡುಕೊಂಡಿದ್ದರು. ಸಮೀಕರಣದ ಸೊಗಸು ಏನೆಂದರೆ, ಪೊರೆಯ ಒಳರಚನೆ ಏನೆಂದು ಅದಕ್ಕೆ ಗೊತ್ತಿರಬೇಕಾಗಿಲ್ಲ. ರಂಧ್ರವಿರಲಿ, ಎಣ್ಣೆಯಿರಲಿ, ದಪ್ಪವಿರಲಿ, ತೆಳುವಿರಲಿ, ಅನುಪಾತ ಬದಲಾಗದು. ಎರಡೂ ಬದಿಯ ಸಾರತೆ ಒಂದೇ ಆಗಿದ್ದರೆ, ಸುಮಾರು 58 ಮಿಲಿವೋಲ್ಟ್ ವ್ಯತ್ಯಾಸಕ್ಕೆ ಒಂದು ದಿಕ್ಕಿನ ಹರಿವು ಇನ್ನೊಂದರ ಹತ್ತು ಪಟ್ಟಾಗಬೇಕು. ಅಳೆದಾಗ ಆ ಅನುಪಾತ ಬಂದರೆ ಅಯಾನು ತಾನಾಗಿಯೇ ಹರಿಯುತ್ತಿದೆ. ಬಾರದಿದ್ದರೆ ಬೇರೆ ಯಾವುದೋ ಬಲ ಕೆಲಸ ಮಾಡುತ್ತಿದೆ.

ಕಪ್ಪೆ ಚರ್ಮದ ಎರಡು ಬದಿಗಳ ನಡುವೆ ವಿದ್ಯುತ್ ಒತ್ತಡ ಇರುತ್ತದೆಂಬುದು ಹಳೆಯ ಸಂಗತಿ. ಜರ್ಮನಿಯ ಎಮಿಲ್ ಡ್ಯು ಬೋಯ್-ರೇಮಾಂಡ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲೇ ಅದನ್ನು ಕಂಡಿದ್ದರು. ಕಪ್ಪೆಯಿಂದ ಬಿಡಿಸಿದ ಚರ್ಮವೂ ಗಂಟೆಗಟ್ಟಲೆ ಈ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಬದಿ ಧನ, ಕೆಲವೊಮ್ಮೆ ನೂರು ಮಿಲಿವೋಲ್ಟ್‌ವರೆಗೆ. ಇದು ಸೋಡಿಯಂನಿಂದ ಬರುತ್ತಿರಬೇಕೆಂದು 1904ರಲ್ಲಿ ಇಟಲಿಯ ಗಾಲಿಯೊಟಿ ಊಹಿಸಿದ್ದರು. ಚರ್ಮ ಸೋಡಿಯಂ ಅನ್ನು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಿಡುತ್ತದೆಂದರೆ ಉಷ್ಣಬಲವಿಜ್ಞಾನದ ನಿಯಮವೇ ಮುರಿಯುತ್ತದಲ್ಲ ಎಂದು ಆಗಿನವರು ಆ ಮಾತನ್ನು ತಳ್ಳಿಹಾಕಿದ್ದರು.

1951ರಲ್ಲಿ ಉಸ್ಸಿಂಗ್ ಮತ್ತು ಕಾರ್ಲ್ ಜೆರಾನ್ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎದುರುಬದುರಾಗಿ ಕೂಡಿಸಿದ ಎರಡು ಅರೆ-ಕೊಳವೆಗಳು. ನಡುವೆ ಪರದೆಯ ಹಾಗೆ ಬಿಗಿದ ಕಪ್ಪೆಯ ಚರ್ಮ. ಎರಡೂ ಕಡೆ ಒಂದೇ ಬಗೆಯ ರಿಂಗರ್ ದ್ರಾವಣ, ಅಂದರೆ ಕಪ್ಪೆಯ ರಕ್ತದ ಲವಣಗಳನ್ನು ಹೋಲುವ ಉಪ್ಪುನೀರು. ಅದರೊಳಗೆ ಗಾಳಿಯ ಗುಳ್ಳೆ ಏಳುತ್ತಿರುತ್ತದೆ. ದ್ರಾವಣ ಕಲಕುವುದಕ್ಕೂ ಅದೇ, ಚರ್ಮಕ್ಕೆ ಆಮ್ಲಜನಕ ಕೊಡುವುದಕ್ಕೂ ಅದೇ. ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಎರಡು ಅಗರ್ ತುಂಬಿದ ಸಣ್ಣ ನಳಿಕೆಗಳು, ಒಂದೊಂದು ಬದಿಗೆ ಒಂದು. ಇವು ವಿದ್ಯುತ್ ಒತ್ತಡ ಅಳೆಯುವುದಕ್ಕೆ. ಕೊಳವೆಯ ತುದಿಗಳಲ್ಲಿ ಇನ್ನೆರಡು. ಇವು ಹೊರಗಿನ ಬ್ಯಾಟರಿಯಿಂದ ವಿದ್ಯುತ್ ಹರಿಸುವುದಕ್ಕೆ. ಪ್ರಯೋಗ ಮಾಡುವವರ ಕೈ ಒಂದು ತಿರುಗುಣಿಯ ಮೇಲೆ, ಕಣ್ಣು ಮುಳ್ಳಿನ ಮೇಲೆ. ಚರ್ಮ ತಾನಾಗಿ ಹುಟ್ಟಿಸುವ ಒತ್ತಡ ಸೊನ್ನೆಗೆ ಇಳಿಯುವ ತನಕ ಎದುರು ವಿದ್ಯುತ್ ಹರಿಸುತ್ತಾ ಹೋಗಬೇಕು, ಇಳಿದ ಮೇಲೆ ಗಂಟೆಗಟ್ಟಲೆ ಸೊನ್ನೆಯಲ್ಲೇ ಹಿಡಿದಿಡಬೇಕು. ಚರ್ಮವನ್ನು ಶಾರ್ಟ್ ಸರ್ಕ್ಯೂಟ್ ಮಾಡುವುದೆಂದರೆ ಇಷ್ಟೇ.

ಈಗ ಪರಿಸ್ಥಿತಿ ನೋಡಿ. ಎರಡೂ ಬದಿ ಒಂದೇ ದ್ರಾವಣ, ಆದ್ದರಿಂದ ಸಾರತೆಯ ತಳ್ಳಾಟವಿಲ್ಲ. ಒತ್ತಡ ಸೊನ್ನೆ, ಆದ್ದರಿಂದ ವಿದ್ಯುತ್ತಿನ ಎಳೆದಾಟವೂ ಇಲ್ಲ. ಅಯಾನುಗಳು ಒಂದು ಕಡೆಗೆ ಹೋಗಲು ಯಾವ ನೆಪವೂ ಉಳಿದಿಲ್ಲ. ಆದರೂ ಮೈಕ್ರೋಆಂಪಿಯರ್ ಮೀಟರಿನ ಮುಳ್ಳು ಎದ್ದು ನಿಂತಿದೆ, ಇಳಿಯುತ್ತಿಲ್ಲ. ಹರಿಯುತ್ತಿರುವ ಈ ಕರೆಂಟು ಸತ್ತ ಚರ್ಮದಲ್ಲಿ ಇರುವುದಿಲ್ಲ.

ಕರೆಂಟು ಎಂದರೆ ಅಯಾನುಗಳ ಎಣಿಕೆಯೂ ಹೌದು. ಒಂದು ಮೈಕ್ರೋಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 37 ನ್ಯಾನೋಮೋಲ್ ಒಂಟಿ ಆವೇಶದ ಅಯಾನು ದಾಟಿದೆ ಎಂದರ್ಥ. ಒಂದು ಕಡೆಯ ದ್ರಾವಣಕ್ಕೆ ವಿಕಿರಣಶೀಲ ಸೋಡಿಯಂ ಹಾಕಿ ಇನ್ನೊಂದು ಕಡೆಗೆ ಎಷ್ಟು ದಾಟಿತೆಂದು ಉಸ್ಸಿಂಗ್ ಮತ್ತು ಜೆರಾನ್ ಎಣಿಸಿದರು. ಹೊರಗಿನಿಂದ ಒಳಕ್ಕೆ ಹೋಗುವ ಸೋಡಿಯಂ ಬಹಳ, ಒಳಗಿನಿಂದ ಹೊರಕ್ಕೆ ಬರುವುದು ಅಲ್ಪ. ಎರಡರ ವ್ಯತ್ಯಾಸವನ್ನು ಕರೆಂಟಿನ ಪಕ್ಕದಲ್ಲಿಟ್ಟರೆ ಎರಡೂ ಸಂಖ್ಯೆ ಒಂದೇ. ಅಂದರೆ ಚರ್ಮದ ಇಡೀ ವಿದ್ಯುತ್ತು ಸೋಡಿಯಂನ ಒಳಸಾಗಣೆಯಿಂದಲೇ ಬರುತ್ತಿತ್ತು. ಸೋಡಿಯಂ ಎತ್ತಲ್ಪಡುತ್ತದೆ, ಕ್ಲೋರೈಡ್ ಅದರ ಆವೇಶದ ಹಿಂದೆ ತಾನೇ ಬರುತ್ತದೆ. ಎಲ್ಲ ಬಲಗಳನ್ನೂ ಸೊನ್ನೆ ಮಾಡಿದ ಮೇಲೆ ಉಳಿದದ್ದೇ ಜೀವಕೋಶ ಮೈಮುರಿದು ಮಾಡುವ ಕೆಲಸ. ಈ ಒಂದು ಯುಕ್ತಿಯಲ್ಲಿ ಉಸ್ಸಿಂಗ್ ಅವರ ಪ್ರತಿಭೆ ಪೂರ್ತಿ ಕಾಣಿಸುತ್ತದೆ ಎಂದರೆ ತಪ್ಪಾಗದು. ಸೂಕ್ಷ್ಮದರ್ಶಕದಲ್ಲಿ ಕಾಣದ, ಇನ್ನೂ ಹೆಸರೂ ಸರಿಯಾಗಿ ನೆಲೆಯಾಗದ ಒಂದು ಯಂತ್ರವನ್ನು ಅವರು ಬ್ಯಾಟರಿ, ಮೀಟರು, ಉಪ್ಪುನೀರು ಇಟ್ಟುಕೊಂಡು ಅಳೆದುಬಿಟ್ಟರು.

ಹಾಗಾದರೆ ಕ್ಲೋರೈಡ್ ಎತ್ತಲ್ಪಡುತ್ತದೆ ಎಂದಿದ್ದ ಗುರು ಕ್ರೋಗ್ ತಪ್ಪಿದ್ದರೇ? ಹಾಗೇನಿಲ್ಲ. ಕೆರೆಯ ನೀರಿನಷ್ಟು ತೆಳುವಾದ ದ್ರಾವಣದಲ್ಲಿ ಜೀವಂತ ಕಪ್ಪೆ ಕ್ಲೋರೈಡನ್ನೂ ದುಡಿದೇ ಹೀರುತ್ತದೆ ಎಂದು ಅದೇ ಪ್ರಯೋಗಾಲಯದವರು 1954ರಲ್ಲಿ ತೋರಿಸಿದರು. ಉಸ್ಸಿಂಗ್ ತಂಡವೇ 1952ರಲ್ಲಿ ಇನ್ನೊಂದು ಸ್ವಾರಸ್ಯ ಕಂಡಿತ್ತು: ಚರ್ಮಕ್ಕೆ ಅಡ್ರಿನಲಿನ್ ಕೊಟ್ಟರೆ ಕರೆಂಟು ಸೋಡಿಯಂ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ. ಹೆಚ್ಚಾದ ಪಾಲು, ಚರ್ಮದ ಗ್ರಂಥಿಗಳು ಹೊರಕ್ಕೆ ಸುರಿಯುವ ಕ್ಲೋರೈಡಿನದು. ಆಗ ಇದು ಕಪ್ಪೆಯ ಲೋಳೆಗೆ ಸಂಬಂಧಿಸಿದ ಒಂದು ಅಡಿಟಿಪ್ಪಣಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಕಾಲರಾದ ಕತೆಯಲ್ಲಿ ಇದೇ ಬೇರೆ ವೇಷದಲ್ಲಿ ಬರುತ್ತದೆ.

ಏತ ಎತ್ತುವವರಿಗೆ ಕೂಲಿ ಎಷ್ಟು ಎಂಬ ಪ್ರಶ್ನೆಯನ್ನು ಜೆರಾನ್ ಕೈಗೆತ್ತಿಕೊಂಡರು. ಚರ್ಮ ಬಳಸುವ ಆಮ್ಲಜನಕವನ್ನು ಅಳೆದು 1956ರಲ್ಲಿ ಅವರು ಕೊಟ್ಟ ಉತ್ತರ: ಒಂದು ಆಮ್ಲಜನಕ ಅಣುವಿಗೆ ಸುಮಾರು ಹದಿನೆಂಟು ಸೋಡಿಯಂ. ಒಂದು ಆಮ್ಲಜನಕ ಅಣುವಿನಿಂದ ಕೋಶ ಸುಮಾರು ಆರು ಎಟಿಪಿ, ಅಂದರೆ ಶಕ್ತಿ ಹೊತ್ತ ಅಣು, ತಯಾರಿಸುತ್ತದೆಂಬ ಆಗಿನ ಲೆಕ್ಕ ಹಿಡಿದರೆ ಒಂದು ಎಟಿಪಿಗೆ ಮೂರು ಸೋಡಿಯಂ. ಮರುವರ್ಷ ಅಮೆರಿಕದ ರಾಬರ್ಟ್ ಪೋಸ್ಟ್, ಕೆಂಪು ರಕ್ತಕಣಗಳಲ್ಲಿ ಮೂರು ಸೋಡಿಯಂ ಹೊರಹೋದರೆ ಎರಡು ಪೊಟ್ಯಾಸಿಯಂ ಒಳಬರುತ್ತದೆಂದು ಬೇರೆಯೇ ದಾರಿಯಿಂದ ಕಂಡುಕೊಂಡರು. ಇವತ್ತಿಗೂ ಪಠ್ಯಪುಸ್ತಕದಲ್ಲಿ ಇರುವ ಸಂಖ್ಯೆ ಅದೇ ಮೂರು.

1958ರಲ್ಲಿ ಉಸ್ಸಿಂಗ್ ಮತ್ತು ವಾಲ್ಬೋರ್ಗ್ ಕೋಫೋಡ್-ಯೋನ್ಸನ್ ಸೇರಿ ಬಿಡಿ ಸಂಗತಿಗಳನ್ನು ಒಂದು ಚಿತ್ರವಾಗಿ ಜೋಡಿಸಿದರು. ಚರ್ಮದಂಥ ಗಡಿಹಾಸಿನಲ್ಲಿ, ಶಾಲಾಪುಸ್ತಕದ ಮಾತಿನಲ್ಲಿ ಅನುಲೇಪಕ ಅಂಗಾಂಶದಲ್ಲಿ, ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದು ಕೋಶಕ್ಕೂ ಎರಡು ಮುಖ: ಹೊರಗಿನ ನೀರಿಗೆ ತೆರೆದದ್ದು ಒಂದು, ರಕ್ತದ ಕಡೆಗೆ ಇರುವುದು ಇನ್ನೊಂದು. ಎರಡು ಮುಖಗಳೂ ಒಂದೇ ಅಲ್ಲ ಎಂಬುದೇ ಇಡೀ ವಿಚಾರದ ತಿರುಳು. ಹೊರಮುಖದ ಪೊರೆ ಸೋಡಿಯಂಗೆ ಮಾತ್ರ ದಾರಿ ಬಿಡುತ್ತದೆ, ಸೋಡಿಯಂ ಅಲ್ಲಿ ತಾನಾಗಿ ಒಳಗೆ ಜಾರುತ್ತದೆ. ಒಳಮುಖದ ಪೊರೆಯಲ್ಲಿ ಪಂಪು ಕೂತಿದೆ, ಬಂದ ಸೋಡಿಯಂ ಅನ್ನು ಅದು ರಕ್ತದ ಕಡೆಗೆ ಎತ್ತಿ ಹಾಕಿ ಬದಲಿಗೆ ಪೊಟ್ಯಾಸಿಯಂ ತೆಗೆದುಕೊಳ್ಳುತ್ತದೆ. ಆ ಪೊಟ್ಯಾಸಿಯಂ ಅದೇ ಮುಖದಿಂದ ಮತ್ತೆ ಸೋರಿ ಹೋಗುತ್ತದೆ. ಹೃದ್ರೋಗಕ್ಕೆ ಬಳಸುವ ಡಿಜಿಟಾಲಿಸ್ ಕುಟುಂಬದ ಔಷಧಿಯನ್ನು ಚರ್ಮದ ಹೊರಬದಿಗೆ ಹಾಕಿದರೆ ಏನೂ ಆಗುವುದಿಲ್ಲ, ಒಳಬದಿಗೆ ಹಾಕಿದರೆ ಸಾಗಣೆ ನಿಲ್ಲುತ್ತದೆ. ಪಂಪು ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಪಂಪಿನ ಮೈಯನ್ನೇ ಕಂಡುಹಿಡಿದವರು ಇನ್ನೊಬ್ಬ ಡೇನ್, ಆರ್‌ಹುಸ್ ನಗರದ ಜೆನ್ಸ್ ಸ್ಕೌ. ಶಸ್ತ್ರವೈದ್ಯರಾಗಿದ್ದ ಅವರು ಅರಿವಳಿಕೆಯ ಬಗ್ಗೆ ಕುತೂಹಲದಿಂದ ಕಡಲ ಏಡಿಗಳ ನರಗಳನ್ನು ಅರೆದು, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಮಾತ್ರ ಎಟಿಪಿಯನ್ನು ಒಡೆಯುವ ಕಿಣ್ವವೊಂದನ್ನು 1957ರಲ್ಲಿ ವರದಿ ಮಾಡಿದರು. ಲೇಖನದ ಶೀರ್ಷಿಕೆಯಲ್ಲಿ ಪಂಪು ಎಂಬ ಮಾತೇ ಇರಲಿಲ್ಲ. ಅಷ್ಟು ದೊಡ್ಡ ಮಾತಾಡಲು ಅವರಿಗೆ ಧೈರ್ಯ ಸಾಲಲಿಲ್ಲ. ನಲವತ್ತು ವರ್ಷದ ನಂತರ, 1997ರಲ್ಲಿ, ಸ್ಕೌಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಉಸ್ಸಿಂಗ್‌ಗೆ ಬರಲಿಲ್ಲ. ಪಂಪಿನ ಇತಿಹಾಸ ಓದಿದವರಿಗೆ ಅವರ ಹೆಸರು ಆ ಪಟ್ಟಿಯಲ್ಲಿ ಇಲ್ಲದ್ದು ಕಣ್ಣಿಗೆ ಕುಟುಕದೆ ಇರದು. ಆದರೆ ಸ್ಕೌ ಅವರಿಗೆ ಸಿಗದ ಒಂದು ಭಾಗ್ಯ ಉಸ್ಸಿಂಗ್‌ಗೆ ಸಿಕ್ಕಿದೆ: ಪ್ರಪಂಚದ ಶರೀರಕ್ರಿಯಾ ಪ್ರಯೋಗಾಲಯಗಳಲ್ಲಿ ಆ ಜೋಡಿ ಕೊಳವೆಗೆ ಇವತ್ತಿಗೂ ‘ಉಸ್ಸಿಂಗ್ ಚೇಂಬರ್’ ಎಂದೇ ಹೆಸರು.

ಕಪ್ಪೆಯನ್ನು ಬಿಟ್ಟು ನಮ್ಮ ಮೈಗೆ ಬರೋಣ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ. ಅದರ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಮೂತ್ರಪಿಂಡದ ನಾಳಗಳ ಗಡಿಹಾಸು ಮತ್ತೆ ರಕ್ತಕ್ಕೆ ಸೇರಿಸುತ್ತದೆ. ನಾಳದ ಕೊನೆಯ ಭಾಗದ ಕೋಶಗಳು ಕೆಲಸ ಮಾಡುವ ರೀತಿ ಉಸ್ಸಿಂಗ್ 1958ರಲ್ಲಿ ಬರೆದ ಕಪ್ಪೆ ಚರ್ಮದ ಚಿತ್ರವೇ. ಹೊರಮುಖದಲ್ಲಿ ಸೋಡಿಯಂ ಜಾರುವ ಆ ದಾರಿಯನ್ನು ಅಮಿಲೋರೈಡ್ ಎಂಬ ಮಾತ್ರೆ ಮುಚ್ಚುತ್ತದೆ. ದಾರಿಯ ಜೀನುಗಳು 1993–94ರಲ್ಲಿ ಸಿಕ್ಕವು. ಅವುಗಳಲ್ಲಿ ಒಂದು ಬಗೆಯ ದೋಷವಿದ್ದರೆ ದಾರಿ ಮುಚ್ಚದೆ ಉಳಿದು, ಉಪ್ಪು ಮೈಯಲ್ಲೇ ನಿಂತು, ಚಿಕ್ಕ ವಯಸ್ಸಿಗೇ ರಕ್ತದೊತ್ತಡ ಏರುತ್ತದೆ.

ಉಸ್ಸಿಂಗ್ ಚೇಂಬರಿನಿಂದ ಅತಿ ಹೆಚ್ಚು ಜನರಿಗೆ ಉಪಕಾರವಾದದ್ದು ಮಾತ್ರ ಕರುಳಿನ ವಿಷಯದಲ್ಲಿ. 1964ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಷುಲ್ಟ್ಜ್ ಮತ್ತು ರಾಲ್ಫ್ ಜಾಲುಸ್ಕಿ ಕಪ್ಪೆ ಚರ್ಮದ ಜಾಗದಲ್ಲಿ ಮೊಲದ ಸಣ್ಣಕರುಳಿನ ತುಂಡನ್ನು ಬಿಗಿದರು. ಕರುಳಿನ ಒಳಬದಿಯ ದ್ರಾವಣಕ್ಕೆ ಗ್ಲುಕೋಸ್ ಹಾಕಿದ ಕೂಡಲೇ ಕರೆಂಟು ಜಿಗಿಯಿತು. ಸಕ್ಕರೆ ಒಳಗೆ ಹೋಗುವಾಗ ಸೋಡಿಯಂ ಅನ್ನು ಜೊತೆಗೆ ಕರೆದುಕೊಂಡೇ ಹೋಗುತ್ತದೆ. ನಾಲ್ಕು ವರ್ಷ ಮೊದಲು ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಊಹಿಸಿದ್ದುದು ಹೀಗೆ ಮುಳ್ಳಿನ ಮೇಲೆ ಕಂಡಿತು. ಉಪ್ಪು, ಸಕ್ಕರೆ ಹೋದ ಹಿಂದೆ ನೀರೂ ಹೋಗುತ್ತದೆ.

ಕಾಲರಾದಲ್ಲಿ ಆಗುವ ಅನಾಹುತವೂ ಇದೇ ಕೊಳವೆಗಳಲ್ಲಿ ಬಿಡಿಬಿಡಿಯಾಗಿ ಕಂಡಿತು. ಕಾಲರಾ ರೋಗಾಣುವಿನ ವಿಷವೇ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆಂದು ಕೋಲ್ಕತ್ತದ ಶಂಭುನಾಥ ಡೇ 1959ರಲ್ಲೇ ತೋರಿಸಿದ್ದರು. ಆ ವಿಷ ಕೋಶದೊಳಗೆ ಒಂದು ಸಂದೇಶವಾಹಕ ಅಣುವನ್ನು ಏರಿಸಿ, ಕರುಳು ಕ್ಲೋರೈಡನ್ನು ಹೊರಕ್ಕೆ ಸುರಿಯುವಂತೆ ಮಾಡುತ್ತದೆಂದು ಮೈಕೇಲ್ ಫೀಲ್ಡ್ ಮುಂತಾದವರು 1970ರ ಆಸುಪಾಸಿನಲ್ಲಿ ಉಸ್ಸಿಂಗ್ ಚೇಂಬರಿನಲ್ಲಿಟ್ಟು ತಿಳಿಸಿದರು. ಅಡ್ರಿನಲಿನ್ ಕೊಟ್ಟ ಕಪ್ಪೆ ಚರ್ಮದ ಗ್ರಂಥಿಗಳಲ್ಲಿ ಕಂಡದ್ದಕ್ಕೂ ಇದಕ್ಕೂ ಹತ್ತಿರದ ನಂಟು. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ರೋಗಿ ಗಂಟೆಗಳಲ್ಲಿ ಬತ್ತಿ ಹೋಗುತ್ತಾನೆ. ಆದರೆ ಗ್ಲುಕೋಸ್ ಜೊತೆ ಸೋಡಿಯಂ ಹೀರುವ ದಾರಿಯನ್ನು ವಿಷ ಮುಟ್ಟುವುದಿಲ್ಲ. ಆ ಒಂದು ಬಾಗಿಲು ತೆರೆದೇ ಇರುತ್ತದೆ.

ಪ್ರಯೋಗಾಲಯದಲ್ಲಿ ಕಂಡದ್ದನ್ನು ವೈದ್ಯರು ಹಾಗೆಯೇ ಎತ್ತಿಕೊಂಡು ಬಳಸಿದರು ಎಂದರೆ ಅದು ಕತೆಯನ್ನು ನೇರ್ಪಡಿಸಿದ ಹಾಗಾಗುತ್ತದೆ. ಕೋಲ್ಕತ್ತದ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ, ಇದ್ಯಾವುದೂ ಗೊತ್ತಿಲ್ಲದ ಕಾಲದಲ್ಲಿ, ಬಾಯಿಂದ ಕುಡಿಸುವ ದ್ರವದಿಂದ ಕಾಲರಾ ರೋಗಿಗಳನ್ನು ಉಳಿಸಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಅಳತೆ ಹಿಡಿದು ಗ್ಲುಕೋಸ್-ಉಪ್ಪಿನ ದ್ರಾವಣ ಕುಡಿಸಿ ಫಲ ಕಂಡರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ತುಂಬಿ, ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದುಹೋದಾಗ ದಿಲೀಪ್ ಮಹಾಲನಬೀಸ್ ಲೀಟರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟರು. ಮನೆಯವರೇ ಲೋಟದಲ್ಲಿ ಹಿಡಿದು ರೋಗಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಸುಮಾರಿಗೆ ಇದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲುಕೋಸೂ 75 ಮಿಲಿಮೋಲ್. ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುವ ಓಆರ್‌ಎಸ್ ಪೊಟ್ಟಣ ಇದೇ. ವಾಂತಿಭೇದಿಯಾದ ಮಗುವಿಗೆ ಬರೀ ನೀರು ಸಾಲದು, ಬರೀ ಸಕ್ಕರೆ ನೀರೂ ಸಾಲದು, ಉಪ್ಪು, ಸಕ್ಕರೆ ಎರಡನ್ನೂ ಅಳತೆಯಲ್ಲಿ ಬೆರೆಸಬೇಕು ಎಂದು ಅವರು ಒತ್ತಿ ಹೇಳುವುದಕ್ಕೆ ಕಾರಣ, ಷುಲ್ಟ್ಜ್ ಅವರ ಮೀಟರಿನಲ್ಲಿ ಜಿಗಿದ ಆ ಮುಳ್ಳು.

ಕಾಲರಾದಲ್ಲಿ ಹದ್ದುಮೀರಿ ತೆರೆಯುವ ಕ್ಲೋರೈಡ್ ದಾರಿಯೇ ಇನ್ನೊಂದು ರೋಗದಲ್ಲಿ ಕೆಟ್ಟು ಮುಚ್ಚಿಕೊಂಡಿರುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆ ಆನುವಂಶಿಕ ಕಾಯಿಲೆ ಯುರೋಪಿನ ಮೂಲದವರಲ್ಲಿ ಹೆಚ್ಚು. ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಬೆವರು ವಿಪರೀತ ಉಪ್ಪಾಗಿರುತ್ತದೆ. ಬೆವರು ಯಾಕೆ ಉಪ್ಪು ಎಂಬುದನ್ನು 1983ರಲ್ಲಿ ಬಿಡಿಸಿದವರು ಪಾಲ್ ಕ್ವಿಂಟನ್. ಬೆವರಿನ ಕೂದಲೆಳೆಯಂಥ ನಾಳಗಳನ್ನು ಬಿಡಿಸಿ ತೆಗೆದು, ಅವುಗಳ ಗಡಿಹಾಸು ಕ್ಲೋರೈಡನ್ನು ದಾಟಗೊಡುವುದಿಲ್ಲವೆಂದು ಅವರು ಕಂಡುಕೊಂಡರು. ಕ್ವಿಂಟನ್‌ಗೆ ಅದೇ ಕಾಯಿಲೆ ಇತ್ತು. 1989ರಲ್ಲಿ ದೋಷದ ಜೀನು ಸಿಕ್ಕಿತು. ಮುಂದೆ ಔಷಧ ಹುಡುಕುವಾಗ ರೋಗಿಗಳ ಶ್ವಾಸನಾಳದ ಕೋಶಗಳನ್ನು ಹಾಸಿನಂತೆ ಬೆಳೆಸಿ, ಉಸ್ಸಿಂಗ್ ಚೇಂಬರಿನಲ್ಲಿ ಬಿಗಿದು, ಯಾವ ಅಣು ಹಾಕಿದರೆ ಕ್ಲೋರೈಡ್ ಕರೆಂಟು ಮರಳುತ್ತದೆಂದು ನೋಡಿದರು. ಹೀಗೆ ಹೊರಬಂದ ಐವಕಾಫ್ಟರ್ ಎಂಬ ಮಾತ್ರೆಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಉಸ್ಸಿಂಗ್ ಅಷ್ಟರಲ್ಲಿ ಇರಲಿಲ್ಲ. 1980ರಲ್ಲಿ ನಿವೃತ್ತರಾದರೂ ಅವರು ಪ್ರಯೋಗಾಲಯ ಬಿಟ್ಟಿರಲಿಲ್ಲ. ಕೊನೆಯ ಇಪ್ಪತ್ತು ವರ್ಷ ಅವರನ್ನು ಕಾಡಿದ್ದು ನೀರು. ಕರುಳು ಹೀರುವ ದ್ರವದ ಉಪ್ಪಿನಂಶ ರಕ್ತದ್ದಕ್ಕೆ ಸರಿಸಮ ಇರುತ್ತದೆ. ಉಪ್ಪನ್ನು ಎತ್ತಿ ಹಾಕಿ ನೀರನ್ನು ಹಿಂದೆ ಎಳೆಯುವುದಾದರೆ, ಹೊರಬರುವ ದ್ರವ ತುಸುವಾದರೂ ಹೆಚ್ಚು ಉಪ್ಪಾಗಿರಬೇಕಲ್ಲ? 1967ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟವರಲ್ಲಿ ಜರೆಡ್ ಡೈಮಂಡ್ ಒಬ್ಬರು. ನಾಗರಿಕತೆಗಳ ಇತಿಹಾಸ ಬರೆದು ಆಮೇಲೆ ಲೋಕಪ್ರಸಿದ್ಧರಾದ ಡೈಮಂಡ್ ಅವರೇ. ಆಗ ಅವರು ಪಿತ್ತಕೋಶದ ಮೇಲೆ ಕೆಲಸ ಮಾಡುತ್ತಿದ್ದರು. ಉಸ್ಸಿಂಗ್ ಅವರ ಉತ್ತರ ಬೇರೆ: ಕೋಶಗಳ ನಡುವಿನ ಸಂದಿಗೆ ಪಂಪು ಬೇಕಾದದ್ದಕ್ಕಿಂತ ಹೆಚ್ಚು ಸೋಡಿಯಂ ಸುರಿಯುತ್ತದೆ, ಹೆಚ್ಚಾದದ್ದನ್ನು ಕೋಶ ಹಿಂಬದಿಯಿಂದ ಮತ್ತೆ ಒಳಗೆ ತೆಗೆದುಕೊಂಡು ಇನ್ನೊಮ್ಮೆ ಸುತ್ತಿಸುತ್ತದೆ. ದುಂದಿನ ವ್ಯವಸ್ಥೆಯೆಂದು ಕೇಳಿದವರಿಗೆ ಅನ್ನಿಸಿದ್ದು ಸಹಜ. ನೆಲಗಪ್ಪೆಯ ಸಣ್ಣಕರುಳಿನಲ್ಲಿ ವಿಕಿರಣಶೀಲ ಸೀಸಿಯಂ ಅನ್ನು ಗುರುತಾಗಿ ಬಳಸಿ, ಈ ಸುತ್ತಾಟದ ಪ್ರಮಾಣ ಅಳೆದ ಪ್ರಬಂಧವನ್ನು ಅವರು ಸಿಗ್ನೆ ನೆಡೆರ್ಗೋರ್ ಮತ್ತು ಎರಿಕ್ ಹ್ವಿಡ್ ಲಾರ್ಸನ್ ಜೊತೆ 1999ರಲ್ಲಿ ಪ್ರಕಟಿಸಿದರು. ಮರುವರ್ಷ ಡಿಸೆಂಬರ್ 22ರಂದು, ಎಂಬತ್ತೊಂಬತ್ತು ತುಂಬಲು ಎಂಟು ದಿನ ಇರುವಾಗ, ತೀರಿಕೊಂಡರು. ನೀರು ಕೋಶಗಳ ಮೂಲಕ ಹೋಗುತ್ತದೋ ಸಂದಿಯಿಂದ ಹೋಗುತ್ತದೋ, ಎಷ್ಟು ಪಾಲು ಎಲ್ಲಿಂದ ಎಂಬ ಜಗಳವನ್ನು ಲಾರ್ಸನ್ ಆಮೇಲೂ ಮುಂದುವರಿಸಿದರು.